ಕುಶಿಮ್‌ನ ಜವೆಗೋಧಿಯಿಂದ ಬೊಮ್ಮನ ಹೆಸರಿನವರೆಗೆ

ಎಲ್ಲರಿಗೂ ನಮಸ್ಕಾರ.

ಪ್ರಪಂಚದ ಇತಿಹಾಸ ಅಂದ ಕೂಡಲೇ ಪಿರಮಿಡ್ಡು, ರಾಜರ ಪಟ್ಟಿ, ಯುದ್ಧಗಳ ಇಸವಿ ನೆನಪಾಗುತ್ತವೆ. ನಾಗರಿಕತೆ, ಪ್ರಭುತ್ವ, ಕಾನೂನು, ವಾಣಿಜ್ಯ ಎಂಬ ಪದಗಳನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿರುತ್ತೇವೆ, ಆದರೆ ಅವು ಯಾರ ಮನೆಯ ಮಾತು ಎಂದು ತಿಳಿದಿರುವುದಿಲ್ಲ. ಇವತ್ತು ಆ ಪದಗಳನ್ನು ಲೆಕ್ಕದ ಪುಸ್ತಕದ ಮೂಲಕ ನೋಡೋಣ ಅಂತ ಬಂದಿದ್ದೇನೆ. ನನಗೆ ಇತಿಹಾಸದ ರುಚಿ ಹತ್ತಿದ್ದೂ ಅಲ್ಲಿಂದಲೇ. ನಮ್ಮ ತಾತನದು ದಿನಸಿ ಅಂಗಡಿ. ಸಂಜೆ ದೀಪ ಹಚ್ಚಿದ ಮೇಲೆ ಕಿರ್ದಿ ತೆರೆದು, ಪುಟದ ನೆತ್ತಿಯಲ್ಲಿ ಶ್ರೀಕಾರ ಹಾಕಿ, ಉದ್ರಿ ಒಯ್ದವರ ಹೆಸರು ಬರೆಯುತ್ತಿದ್ದರು. ಯಾರಾದರೂ ಬಾಕಿ ತೀರಿಸಿದರೆ ಅವರನ್ನು ಪಕ್ಕಕ್ಕೆ ಕರೆದು ಕೂರಿಸಿಕೊಂಡೇ ಹೆಸರಿನ ಮೇಲೆ ಗೀಟು ಎಳೆದು 'ಚುಕ್ತಾ' ಅಂತ ಬರೆಯುವರು. "ಗೀಟು ಎಳೆಯೋದನ್ನ ಕೊಟ್ಟವನು ಕಣ್ಣಾರೆ ನೋಡ್ಬೇಕು ಕಣೋ" ಅನ್ನುತ್ತಿದ್ದರು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ಐದು ಸಾವಿರ ವರ್ಷಕ್ಕೂ ಹಿಂದಕ್ಕೆ ಹೋಗೋಣ. ಇಂದಿನ ದಕ್ಷಿಣ ಇರಾಕ್, ಊರಿನ ಹೆಸರು ಉರುಕ್. ಮಳೆ ಕಡಿಮೆ, ಆದರೆ ಯೂಫ್ರೆಟಿಸ್ ನದಿಯಿಂದ ಕಾಲುವೆ ತೆಗೆದರೆ ಜವೆಗೋಧಿ ಹುಲುಸಾಗಿ ಬೆಳೆಯುವ ಮಣ್ಣು. ಮನೆಗೆ ಬೇಕಾದ್ದಕ್ಕಿಂತ ಹೆಚ್ಚು ಬೆಳೆ ಬಂತು, ದೇವಸ್ಥಾನದ ಕಣಜ ಸೇರಿತು. ನಾಗರಿಕತೆಯ ಬೇರು 'ಹೆಚ್ಚುವರಿ ಉತ್ಪನ್ನ' ಎನ್ನುತ್ತಾರಲ್ಲ, ಅದರ ಅರ್ಥ ಇಷ್ಟೇ: ಕಣಜ ತುಂಬಿದೆ, ಇನ್ನು ಯಾರು ಎಷ್ಟು ತಂದು ಸುರಿದರು, ಯಾರಿಗೆ ಎಷ್ಟು ಅಳೆದು ಕೊಡಬೇಕು ಎಂದು ಯಾರಾದರೂ ನೋಡಿಕೊಳ್ಳಬೇಕು. ಹತ್ತು ಮನೆಯ ಹಳ್ಳಿಯಲ್ಲಿ ಇದು ಬಾಯಲ್ಲೇ ನಡೆದೀತು. ಸಾವಿರಾರು ಜನರ ಪಟ್ಟಣದಲ್ಲಿ ನೆನಪು ಸಾಲದು. ಅದಕ್ಕೂ ಮೊದಲು ಜನ ಗೋಲಿ, ಶಂಕು, ಬಿಲ್ಲೆಯ ಆಕಾರದ ಮಣ್ಣಿನ ಉಂಡೆಗಳನ್ನು ಎಣಿಕೆಗೆ ಬಳಸುತ್ತಿದ್ದರು. ಕ್ರಿ.ಪೂ. 3200ರ ಆಸುಪಾಸಿನಲ್ಲಿ ಹಸಿ ಜೇಡಿಮಣ್ಣಿನ ಬಿಲ್ಲೆಯ ಮೇಲೆ ಜೊಂಡಿನ ಕಡ್ಡಿಯಿಂದ ಗುರುತು ಒತ್ತುವುದು ಶುರುವಾಯಿತು. ಅಕ್ಷರ ಹುಟ್ಟಿದ್ದು ಹೀಗೆ. ಉರುಕ್‌ನ ಆ ಮೊದಲ ಬಿಲ್ಲೆಗಳಲ್ಲಿ ಕಾವ್ಯ ಇಲ್ಲ, ರಾಜನ ಹೊಗಳಿಕೆ ಇಲ್ಲ. ಬಹುಪಾಲು ಬರೀ ಲೆಕ್ಕ. ಉಳಿದವು ಬರೆಯಲು ಕಲಿಯುವವರಿಗೆಂದು ಮಾಡಿದ ಪದಗಳ ಪಟ್ಟಿ.

ಅಂಥ ಒಂದು ಬಿಲ್ಲೆಯಲ್ಲಿ 37 ತಿಂಗಳ ಅವಧಿಗೆ 29,086 ಅಳತೆ ಜವೆಗೋಧಿ ಅಂತ ಇದೆ, ಪಕ್ಕದಲ್ಲಿ 'ಕುಶಿಮ್' ಎಂಬ ಗುರುತು. ಜವೆಗೋಧಿ ಬಿಯರ್ ತಯಾರಿಕೆಗೆ ಹೋದದ್ದು. ಕುಶಿಮ್ ಒಬ್ಬ ಮನುಷ್ಯನ ಹೆಸರೋ ಹುದ್ದೆಯ ಹೆಸರೋ ಎಂಬ ಚರ್ಚೆ ವಿದ್ವಾಂಸರಲ್ಲಿದೆ. ಹೆಸರೇ ಆಗಿದ್ದರೆ, ನಮಗೆ ಬರವಣಿಗೆಯಲ್ಲಿ ಸಿಕ್ಕ ಮೊಟ್ಟಮೊದಲ ಮನುಷ್ಯರಲ್ಲಿ ಒಬ್ಬ ದೊರೆಯೂ ಅಲ್ಲ, ಕವಿಯೂ ಅಲ್ಲ, ಉಗ್ರಾಣದ ಶಾನುಭೋಗ.

ಇನ್ನೊಂದು ಗುರುತು ನೋಡಿ, ನನಗೆ ಇದು ಬಹಳ ಕಾಡಿದ್ದು. 'ತಿನ್ನು' ಎಂಬುದಕ್ಕೆ ಅವರು ಮನುಷ್ಯನ ತಲೆ ಬರೆದು, ಬಾಯಿಯ ಹತ್ತಿರ ಒಂದು ಬಟ್ಟಲು ಸೇರಿಸುತ್ತಿದ್ದರು. ಆ ಬಟ್ಟಲು ಕಲ್ಪನೆಯದಲ್ಲ. ಓರೆ ಅಂಚಿನ, ನುಣುಪಿಲ್ಲದ, ಅಚ್ಚಿನಲ್ಲಿ ಒತ್ತಿ ಮಾಡಿದ ಅಂಥದೇ ಬಟ್ಟಲುಗಳು ಆ ಕಾಲದ ನೆಲೆಗಳಲ್ಲಿ ರಾಶಿ ರಾಶಿ ಸಿಕ್ಕಿವೆ. ಕೆಲಸಗಾರರಿಗೆ ದಿನದ ಪಡಿ ಅಳೆದು ಕೊಡುತ್ತಿದ್ದ ಬಟ್ಟಲುಗಳಿರಬೇಕು ಎಂದು ಅನೇಕರು ಹೇಳುತ್ತಾರೆ. 'ಪ್ರಭುತ್ವ' ಎಂಬ ಪದವನ್ನು ಮಕ್ಕಳಿಗೆ ಹೇಳಿಕೊಡಬೇಕಾದರೆ ನಾನು ಈ ಚಿತ್ರವನ್ನೇ ಬರೆದು ತೋರಿಸುತ್ತೇನೆ: ಒಂದು ತಲೆ, ಒಂದು ಬಟ್ಟಲು. ಅನ್ನದ ಋಣ ಎಂದು ನಾವು ಹೇಳುವುದು ಅಲ್ಲಿ ಲಿಪಿಯಾಗಿಬಿಟ್ಟಿದೆ. ಬಟ್ಟಲು ತುಂಬಿಸುವ ಕೈ ಯಾರದೋ ಕೆಲಸ ಹೇಳುವ ಬಾಯಿಯೂ ಅವರದೇ.

ನಮ್ಮ ಸಿಂಧೂ ಬಯಲಿನವರೂ ಈ ವ್ಯವಹಾರದಲ್ಲಿದ್ದರು. ಅದೇ ಇರಾಕ್ ಸೀಮೆಯ ಅಕ್ಕಾಡಿನ ದೊರೆ ಸಾರ್ಗೋನ್, ಮೆಲುಹ್ಹದ ಹಡಗುಗಳು ತನ್ನ ಬಂದರಿಗೆ ಬಂದು ನಿಲ್ಲುತ್ತವೆ ಎಂದು ಹೆಮ್ಮೆಯಿಂದ ಬರೆಸಿದ್ದಾನೆ. ಮೆಲುಹ್ಹ ಅಂದರೆ ಸಿಂಧೂ ನಾಡು ಎಂದೇ ಹೆಚ್ಚಿನವರ ಅಭಿಪ್ರಾಯ. ಅಲ್ಲಿಯ 'ಊರ್' ಎಂಬ ಪಟ್ಟಣದ ರಾಜರ ಗೋರಿಗಳಲ್ಲಿ ಸಿಂಧೂ ಕುಶಲಕರ್ಮಿಗಳು ಮಾಡಿದ, ಕಾರ್ನೀಲಿಯನ್ ಎಂಬ ಕೆಂಪು ಕಲ್ಲಿನ ಮಣಿಗಳಿವೆ. ಆದರೆ ಸಿಂಧೂ ಲಿಪಿಯನ್ನು ಇನ್ನೂ ಯಾರೂ ಓದಿಲ್ಲ. ಮಾಲು ಸಿಕ್ಕಿದೆ, ಖಾತೆ ಬಾಯಿ ಬಿಟ್ಟಿಲ್ಲ.

ಲೆಕ್ಕ ಬರೆದಲ್ಲಿ ಸಾಲ ಬರುತ್ತದೆ, ಸಾಲ ಬಂದಲ್ಲಿ ಕಾನೂನು ಬರುತ್ತದೆ. ಬ್ಯಾಬಿಲೋನಿನ ದೊರೆ ಹಮ್ಮುರಬಿಯ ಶಾಸನ ಅಂದರೆ 'ಕಣ್ಣಿಗೆ ಕಣ್ಣು' ಎಂಬುದಷ್ಟೇ ನಮಗೆ ಗೊತ್ತು. ಕ್ರಿ.ಪೂ. 18ನೇ ಶತಮಾನದ ಆ ಕಪ್ಪು ಕಲ್ಲಿನ 282 ಕಲಮುಗಳನ್ನು ಓದುತ್ತಾ ಹೋದರೆ ಹೊಲ, ಕೂಲಿ, ಬಾಡಿಗೆ, ಬಡ್ಡಿಯ ಮಾತೇ ಎಷ್ಟೋ ಕಡೆ. ಕಾಳಿನ ಸಾಲಕ್ಕೆ ಮೂರರಲ್ಲೊಂದು ಪಾಲು ಬಡ್ಡಿ, ಬೆಳ್ಳಿಯ ಸಾಲಕ್ಕೆ ಐದರಲ್ಲೊಂದು. 48ನೇ ಕಲಮು ಹೀಗೆ ಹೇಳುತ್ತದೆ: ಸಾಲಗಾರನ ಹೊಲವನ್ನು ಮಳೆಯ ದೇವರು ಮುಳುಗಿಸಿದರೆ, ಇಲ್ಲವೇ ನೀರಿಲ್ಲದೆ ಕಾಳು ಬೆಳೆಯದಿದ್ದರೆ, ಆ ವರ್ಷ ಅವನು ಕಾಳು ಕೊಡಬೇಕಿಲ್ಲ, ಬಡ್ಡಿಯನ್ನೂ ಕೊಡಬೇಕಿಲ್ಲ, ತನ್ನ ಸಾಲದ ಬಿಲ್ಲೆಯನ್ನು ನೀರಿನಲ್ಲಿ ನೆನೆಸಲಿ. ನೆನೆಸಿದರೆ ಮಣ್ಣು ಮೆತ್ತಗಾಗುತ್ತದೆ, ಒತ್ತಿದ ಗುರುತನ್ನು ತಿದ್ದಬಹುದು. ಹೊಲಕ್ಕೆ ಬಾರದ ನೀರು, ಅಥವಾ ಅತಿಯಾಗಿ ಬಂದ ನೀರು, ಕೊನೆಗೆ ಸಾಲಪತ್ರದ ಮೇಲೆ ಬೀಳುತ್ತದೆ! ಇದನ್ನು ಮೊದಲ ಸಲ ಓದಿದಾಗ ನನಗೆ ತಾತನ ಗೀಟು ಕಣ್ಣಿಗೆ ಕಟ್ಟಿತು. ನಮ್ಮ ಕಡತ ಕೂಡ ನೆನಪಾಯಿತು. ಇವತ್ತು ಕಚೇರಿಯ ಫೈಲಿಗೆ ಕಡತ ಅನ್ನುತ್ತೇವೆ. ಹಳೆಯ ಕಡತ ಅಂದರೆ ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಬಳಿದು ಒಣಗಿಸಿ ಮಡಿಸಿದ ಕಪ್ಪು ಪುಸ್ತಕ. ಬಳಪದಲ್ಲಿ ಬರೆಯುವುದು, ಬೇಡವಾದಾಗ ಒರೆಸುವುದು.

ಸಾಲ ತೀರಿಸಲಾಗದವರು ಹೆಂಡತಿ ಮಕ್ಕಳನ್ನು, ತಮ್ಮನ್ನೇ ಜೀತಕ್ಕೆ ಇಟ್ಟ ಕಾಲ ಅದು. ಆಗಾಗ ದೊರೆಗಳು ಸಾಲ ಮನ್ನಾ ಸಾರುತ್ತಿದ್ದರು. ಹಮ್ಮುರಬಿಯ ವಂಶದ ಅಮ್ಮಿಸದುಕ ಹೊರಡಿಸಿದ ಅಪ್ಪಣೆಯ ಪಾಠ ಉಳಿದಿದೆ: ಕಾಳು, ಬೆಳ್ಳಿಯ ಕೈಸಾಲ ರದ್ದು, ಸಾಲಕ್ಕೆ ಜೀತ ಹೋದವರಿಗೆ ಬಿಡುಗಡೆ. ವರ್ತಕರು ಲಾಭಕ್ಕಾಗಿ ಹೂಡಿದ ಬಂಡವಾಳಕ್ಕೆ ಮಾತ್ರ ಮನ್ನಾ ಇಲ್ಲ. ಹೊಟ್ಟೆಗಾಗಿ ಮಾಡಿದ ಸಾಲ ಬೇರೆ, ವ್ಯಾಪಾರಕ್ಕಾಗಿ ಮಾಡಿದ ಸಾಲ ಬೇರೆ ಎಂಬ ವಿವೇಕ ಆಗಲೇ ಇತ್ತು. ಇದಕ್ಕೂ ಹಿಂದಿನ ಸುಮೇರಿಯನ್ ಭಾಷೆಯಲ್ಲಿ ಇಂಥ ಬಿಡುಗಡೆಗೆ ಒಂದು ಪದವಿದೆ, 'ಅಮರ್ಗಿ'. ಅಕ್ಷರಶಃ ಅರ್ಥ, ತಾಯಿಯ ಬಳಿಗೆ ಮರಳುವುದು. ಸ್ವಾತಂತ್ರ್ಯಕ್ಕೆ ಮನುಷ್ಯರು ಬರೆದಿಟ್ಟ ಅತಿ ಹಳೆಯ ಪದಗಳಲ್ಲಿ ಒಂದು ಇದು. ಕನ್ನಡದಲ್ಲಿ ಹೇಳು ಅಂದರೆ ನಾನು ತವರು ಅಂತಲೇ ಹೇಳುವೆ.

ವಾಣಿಜ್ಯದ ಕಡೆಗೆ ಬರೋಣ. ಕ್ರಿ.ಪೂ. 1900ರ ಹೊತ್ತಿಗೆ ಟೈಗ್ರಿಸ್ ದಂಡೆಯ ಅಸ್ಸೂರ್ ಪಟ್ಟಣದ ವರ್ತಕರು ಕತ್ತೆಗಳ ಮೇಲೆ ತವರ ಮತ್ತು ಬಟ್ಟೆ ಹೇರಿಕೊಂಡು ಸುಮಾರು 1000 ಕಿಲೋಮೀಟರ್ ದೂರದ ಕಾನೇಶಕ್ಕೆ, ಇಂದಿನ ಟರ್ಕಿಗೆ, ಹೋಗುತ್ತಿದ್ದರು. ಬೆಟ್ಟ ದಾಟಿ ಆರು ವಾರಗಳ ದಾರಿ. ಅವರ ಇಪ್ಪತ್ತು ಸಾವಿರಕ್ಕೂ ಹೆಚ್ಚು ಮಣ್ಣಿನ ಪತ್ರಗಳು ಅಲ್ಲಿ ಸಿಕ್ಕಿವೆ. ಪತ್ರಕ್ಕೆ ಲಕೋಟೆ ಕೂಡ ಮಣ್ಣಿನದೇ, ಒಡೆದು ಓದಬೇಕು. ಗಂಡಂದಿರು ದೂರದಲ್ಲಿ, ಅಸ್ಸೂರಿನಲ್ಲಿ ಹೆಂಗಸರು ಮಗ್ಗ ನಡೆಸಿ ಬಟ್ಟೆ ಕಳಿಸುವರು. ಲಮಸ್ಸಿ ಎಂಬಾಕೆ ಗಂಡ ಪುಶುಕೇನನಿಗೆ ಬರೆದ ಪತ್ರಗಳಿವೆ. ಇಷ್ಟು ಬಟ್ಟೆ ಇಂಥವನ ಕೈಲಿ ಕಳಿಸಿದ್ದೇನೆ, ಅದರ ಬೆಳ್ಳಿ ಬರಲಿ, ಎಂಬ ಧಾಟಿ. ನಾಲ್ಕು ಸಾವಿರ ವರ್ಷದ ಹಿಂದಿನ ಹೆಣ್ಣುಮಗಳು ತಾನು ನೇಯ್ದದ್ದಕ್ಕೆ ತನ್ನ ಲೆಕ್ಕ ಕೇಳುತ್ತಿದ್ದಾಳೆ.

ಈ ಲಮಸ್ಸಿಯ ಪಕ್ಕದಲ್ಲಿ ಮಿವ್ನಯ್ ಎಂಬಾಕೆಯನ್ನು ನಿಲ್ಲಿಸಬೇಕು. ಕಾಲ ಕ್ರಿ.ಶ. 313ರ ಸುಮಾರು, ಜಾಗ ಚೀನಾದ ಗಡಿಯ ದುನ್‌ಹುವಾಂಗ್. ರೇಷ್ಮೆ ದಾರಿ ಎಂದು ನಾವು ಹೊಗಳುವ ದಾರಿಯಲ್ಲಿ ಸಮರ್ಕಂದ್ ಕಡೆಯ ಸೊಗ್ದಿಯನ್ ವರ್ತಕನೊಬ್ಬ ಹೆಂಡತಿಯನ್ನೂ ಮಗಳನ್ನೂ ಅಲ್ಲಿ ಬಿಟ್ಟು ಹೋದ. ಮೂರು ವರ್ಷ ಕಾದಳು. ತವರಿಗೆ ಕರೆದೊಯ್ಯಲು ಯಾರೂ ಒಪ್ಪಲಿಲ್ಲ, ಕೈಲಿ ಹಣವಿಲ್ಲ, ಚೀನೀಯರ ಮನೆ ಚಾಕರಿಗೆ ನಿಲ್ಲಬೇಕಾಯಿತು. ನಿನ್ನ ಹೆಂಡತಿಯಾಗುವುದಕ್ಕಿಂತ ನಾಯಿಯ, ಹಂದಿಯ ಹೆಂಡತಿಯಾಗುವುದೇ ಮೇಲಿತ್ತು ಎಂದು ಬರೆದಳು. ಪತ್ರ ಅವನಿಗೆ ಮುಟ್ಟಲಿಲ್ಲ. ಅಂಚೆಯ ಚೀಲ ಒಂದು ಕಾವಲುಗೋಪುರದ ಹತ್ತಿರವೇ ಬಿದ್ದಿತ್ತು. 1907ರಲ್ಲಿ ಪುರಾತತ್ವಜ್ಞ ಆರೆಲ್ ಸ್ಟೈನ್ ಅಗೆದಾಗ ಸಿಕ್ಕಿತು. ವ್ಯಾಪಾರದ ನಕ್ಷೆಯಲ್ಲಿ ಬಾಣದ ಗುರುತುಗಳಿರುತ್ತವೆ, ಆ ಬಾಣಗಳ ನಡುವೆ ಸಿಕ್ಕಿಬಿದ್ದವರು ಇರುವುದಿಲ್ಲ.

ಮಿವ್ನಯ್ ಬರೆದದ್ದು ಕಾಗದದ ಮೇಲೆ. ಚೀನಾದ ಆ ಕಾಗದ ಎಂಟನೇ ಶತಮಾನದಲ್ಲಿ ಸಮರ್ಕಂದ್, ಬಾಗ್ದಾದ್ ಮುಟ್ಟಿತು. ನಮ್ಮ ದೇಶದ ಸೊನ್ನೆ ಸಹಿತದ ಅಂಕಿಗಳೂ ಅದೇ ಅರಬ್ಬೀ ಲೋಕದ ಮೂಲಕ ಪಡುವಣಕ್ಕೆ ಹೋದವು. ಇಟಲಿಯ ಗಣಿತಜ್ಞ ಫಿಬೊನಾಚಿ 1202ರಲ್ಲಿ ಅವನ್ನು ವರ್ತಕರಿಗೆ ಹೇಳಿಕೊಟ್ಟ. ಆದರೂ 1299ರಲ್ಲಿ ಫ್ಲಾರೆನ್ಸಿನ ಹಣ ವಿನಿಮಯದವರ ಸಂಘ ಲೆಕ್ಕದ ಪುಸ್ತಕದಲ್ಲಿ ಈ ಅಂಕಿಗಳನ್ನು ಬಳಸಬಾರದೆಂದು ಕಟ್ಟಳೆ ಮಾಡಿತು. ಸೊನ್ನೆಯನ್ನು ಆರೋ ಒಂಬತ್ತೋ ಮಾಡುವುದು ಸುಲಭ ಎಂಬ ಭಯ. ನಾವೀಗಲೂ ಚೆಕ್ಕಿನಲ್ಲಿ ಮೊತ್ತವನ್ನು ಅಕ್ಷರದಲ್ಲಿ ಬರೆಯುತ್ತೇವಲ್ಲ!

ಓದು ಬಾರದವರ ನಡುವೆ ಮಧ್ಯಯುಗದ ಇಂಗ್ಲೆಂಡ್ ಬೇರೆ ಉಪಾಯ ಮಾಡಿತ್ತು. ಒಂದು ಕೋಲಿನ ಮೇಲೆ ಕಚ್ಚು ಹಾಕುವುದು: ಸಾವಿರ ಪೌಂಡಿಗೆ ಅಂಗೈ ದಪ್ಪದ ಕಚ್ಚು, ನೂರಕ್ಕೆ ಹೆಬ್ಬೆರಳಿನದು, ಇಪ್ಪತ್ತಕ್ಕೆ ಕಿರುಬೆರಳಿನದು, ಒಂದಕ್ಕೆ ಬಲಿತ ಜವೆಗೋಧಿ ಕಾಳಿನಷ್ಟು. ಆಮೇಲೆ ಕೋಲನ್ನು ಉದ್ದಕ್ಕೆ ಸೀಳಿ ಇಬ್ಬರೂ ಒಂದೊಂದು ಹೋಳು ಇಟ್ಟುಕೊಳ್ಳುವುದು. ಜೋಡಿಸಿದಾಗ ಕಚ್ಚು, ಮರದ ಎಳೆ ಎರಡೂ ಕೂಡಬೇಕು, ಮೋಸಕ್ಕೆ ಎಡೆಯಿಲ್ಲ. ಊಳಿಗಮಾನ್ಯ ಪದ್ಧತಿ ಎಂದು ನಾವು ಓದುವ ಆ ಸಮಾಜದಲ್ಲಿ ಯಾರು ಯಾರಿಗೆ ಏನು ಕೊಡಬೇಕು ಎಂಬುದು ಈ ಸೀಳು ಕೋಲುಗಳಲ್ಲೂ, 1086ರಲ್ಲಿ ಎತ್ತು, ನೇಗಿಲು, ಗಿರಣಿಗಳನ್ನೆಲ್ಲ ಎಣಿಸಿ ಬರೆದ ದೊಡ್ಡ ದಾಖಲೆಯಲ್ಲೂ ಇದೆ. ಬೇಡವಾದ ಹಳೆಯ ಕೋಲುಗಳನ್ನು 1834ರಲ್ಲಿ ಒಲೆಗೆ ಹಾಕಲು ಹೋಗಿ ಲಂಡನ್ನಿನ ಪಾರ್ಲಿಮೆಂಟು ಭವನವೇ ಸುಟ್ಟುಹೋಯಿತು.

ಕೊನೆಗೆ ನಮ್ಮ ಕರಾವಳಿಗೆ ಬರುತ್ತೇನೆ. ಕಾಗದವನ್ನು ತುಳಿದರೆ ನಾವು ಕಣ್ಣಿಗೆ ಒತ್ತಿಕೊಳ್ಳುತ್ತೇವೆ. ಕೈರೋದ ಯಹೂದಿಗಳು ದೇವರ ಹೆಸರು ಇರಬಹುದಾದ ಕಾಗದವನ್ನು ಎಸೆಯುತ್ತಿರಲಿಲ್ಲ, ಪ್ರಾರ್ಥನಾ ಮಂದಿರದ ಒಂದು ಕೋಣೆಗೆ ಹಾಕುತ್ತಿದ್ದರು. ಆ ಕೋಣೆಗೆ ಗೆನೀಜಾ ಎಂದು ಹೆಸರು. ಶತಮಾನಗಳ ಕಾಲ ಮೂರು ಲಕ್ಷಕ್ಕೂ ಹೆಚ್ಚು ಚೂರುಗಳು ಸೇರಿದವು, ಮದುವೆ ಪತ್ರ, ರಸೀತಿ, ಸಾಮಾನು ಪಟ್ಟಿ ಎಲ್ಲ. ಅವುಗಳಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಟ್ಯುನೀಷಿಯಾ ಮೂಲದ ವರ್ತಕನ ಕಾಗದಗಳಿವೆ. ಈತ 1132ರ ಹೊತ್ತಿಗೆ ಆಳುಪರ ಕಾಲದ ಮಂಗಳೂರಿಗೆ ಬಂದು, ಹದಿನೇಳು ವರ್ಷದಷ್ಟು ಈ ಕರಾವಳಿಯಲ್ಲೇ ಇದ್ದ. ಅವರ ಬಾಯಲ್ಲಿ ನಮ್ಮ ಊರು ಮಂಜರೂರ್. ಇಲ್ಲಿಂದ ಮೆಣಸು, ಏಲಕ್ಕಿ, ಅಡಿಕೆ, ಕಬ್ಬಿಣ ಇಂದಿನ ಯೆಮನ್ ದೇಶದ ಬಂದರು ಏಡನ್ನಿಗೆ ಹೋಗುತ್ತಿತ್ತು. ಅವನದೊಂದು ಕಂಚಿನ ಕಾರ್ಖಾನೆ ಇತ್ತು. ಏಡನ್ನಿನವರು ಒಡೆದ ಪಾತ್ರೆಗಳನ್ನು ಕಳಿಸಿ, ಇಂಥ ದೀಪ, ಇಂಥ ಬೋಗುಣಿ ಮಾಡಿಸಿಕೊಡು ಎಂದು ವಿವರ ಬರೆಯುವರು. ಅಲ್ಲಿಂದ ಸಕ್ಕರೆ, ಒಣದ್ರಾಕ್ಷಿ, ಮತ್ತು ಬಿಳಿ ಕಾಗದ ಬರುತ್ತಿತ್ತು. ನಾವು ಓಲೆಗರಿಯಲ್ಲಿ ಬರೆಯುತ್ತಿದ್ದ ಕಾಲ, ಅವನಿಗೆ ಕಾಗದ ಸಮುದ್ರ ದಾಟಿ ಬರಬೇಕು. ಅದಕ್ಕೇ ಬಂದ ಪತ್ರದ ಖಾಲಿ ಜಾಗದಲ್ಲೆಲ್ಲ ತನ್ನ ಲೆಕ್ಕ ಗೀಚಿಟ್ಟಿದ್ದಾನೆ.

1132ರ ಅಕ್ಟೋಬರಿನಲ್ಲಿ ಆತ ಆಶು ಎಂಬ ದಾಸಿಯನ್ನು ಬಿಡುಗಡೆ ಮಾಡಿದ ಪತ್ರ ಮಂಗಳೂರಿನಲ್ಲೇ ಬರೆದದ್ದು. ಅವನ ಮಕ್ಕಳ ತಾಯಿ ಈಕೆಯೇ ಎಂದು ವಿದ್ವಾಂಸರು ನಂಬುತ್ತಾರೆ. ಇನ್ನೊಬ್ಬ ಬೊಮ್ಮ. ಲೆಕ್ಕದ ಮಾತಿನಲ್ಲಿ ಅವನೂ ದಾಸ, ಆದರೆ ಸರಕು ತೆಗೆದುಕೊಂಡು ಏಡನ್ನಿಗೆ ಹೋಗಿ, ಹಣ ಪಡೆದು, ಧಣಿಗೆ ಬೇಕಾದ್ದನ್ನು ಕೊಂಡು ಹಡಗು ಹತ್ತುತ್ತಿದ್ದ ನಂಬಿಕಸ್ಥ ಗುಮಾಸ್ತ. ತುಳುನಾಡಿನ ಈ ಮನುಷ್ಯನ ಹೆಸರು ನಮ್ಮ ಯಾವ ಶಾಸನದಲ್ಲೂ ಇಲ್ಲ, ಕೈರೋದ ಕೋಣೆಯಲ್ಲಿ ಉಳಿಯಿತು. 1148ರಲ್ಲಿ ಏಡನ್ನಿನ ಖಲಫ್ ಇಬ್ನ್ ಇಸ್ಹಾಕ್ ಬೆನ್ ಯಿಜುಗೆ ಒಂದು ಪತ್ರ ಬರೆಯುತ್ತಾನೆ. ಬಂದ ಸರಕು, ಹೋದ ಸರಕು, ಕಳಿಸಿದ ಉಡುಗೊರೆ ಎಲ್ಲ ಮುಗಿದ ಮೇಲೆ ಒಂದು ಸಾಲು ಸೇರಿಸಿದ್ದಾನೆ: ಬೊಮ್ಮನಿಗೆ ನನ್ನ ನಮಸ್ಕಾರ ತಿಳಿಸು.