ಚಕ್ರ ಕಳಚಿದ ಮನೆ

ಕೇಳುಗರಿಗೆ ನಮಸ್ಕಾರ.

ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ನೆಲೆಸಿರುವ ನನ್ನ ಭಾವ ಹಳೆಯ ಮೊಬೈಲ್ ಹೋಮ್ ಒಂದನ್ನು ಕೊಳ್ಳಲು ಹೊರಟಿದ್ದರು. ಕಾರ್ಖಾನೆಯಲ್ಲಿ ಕಟ್ಟಿ, ಚಕ್ರದ ಮೇಲೆ ಎಳೆದು ತಂದು ನಿಲ್ಲಿಸುವ ಮನೆ ಅದು. ಅದನ್ನು ತಮ್ಮ ಖಾಲಿ ಜಾಗಕ್ಕೆ ಸಾಗಿಸಿ ಬಾಡಿಗೆಗೆ ಕೊಡುವುದು ಅವರ ಯೋಚನೆ. ಮಾರುವವರು ಕೇಳಿದ್ದು ಒಂದು ಹಳೆಯ ಕಾರಿನ ಬೆಲೆ. ಅಷ್ಟು ಅಗ್ಗ ಏಕೆ ಎಂದು ನನಗೆ ಅಳುಕಾಯಿತು. ಮನೆ ನೋಡಲು ನಾನೂ ಜೊತೆಗೆ ಹೋದೆ.

ಮಂಡಿಯೂರಿ, ಬುಡಕ್ಕೆ ಸುತ್ತಲೂ ಹೊದಿಸಿದ್ದ ಹಲಗೆಯನ್ನು ಸರಿಸಿ ಟಾರ್ಚ್ ಬಿಟ್ಟು ನೋಡಿದೆವು. ಕಾಂಕ್ರೀಟ್ ಬ್ಲಾಕ್‌ಗಳ ಮೇಲೆ ಉಕ್ಕಿನ ಚೌಕಟ್ಟು ಕೂತಿತ್ತು. ಚಕ್ರವಿಲ್ಲ, ಅಚ್ಚೂ ಇಲ್ಲ. ಮನೆ ನೆಲೆಗೆ ನಿಂತ ಮೇಲೆ ಅವನ್ನು ಬಿಚ್ಚಿ ಒಯ್ಯುವುದು ಅಲ್ಲಿ ಸಾಮಾನ್ಯ. ಮತ್ತೆ ಹೊರಡಿಸಬೇಕೆಂದರೆ ಎಲ್ಲವನ್ನೂ ತಂದು ಜೋಡಿಸಬೇಕು. ಚೌಕಟ್ಟಿನ ಒಂದು ಮೂಲೆಯಲ್ಲಿ ತುಕ್ಕು ಪದರ ಪದರವಾಗಿ ಎದ್ದಿತ್ತು. ಉಗುರು ತಾಗಿಸಿದರೆ ಉದುರುತ್ತಿತ್ತು. ಅದಕ್ಕೆ ಬೆಸುಗೆ ಹಾಕಿಸದೆ ಯಾವ ಸಾಗಣೆದಾರನೂ ಕೈ ಹಚ್ಚುವುದಿಲ್ಲ.

ಅಡುಗೆಮನೆಯ ಕಪಾಟಿನ ಬಾಗಿಲ ಒಳಬದಿಯಲ್ಲಿ ಎಣ್ಣೆ ಮೆತ್ತಿದ ಕಾಗದವೊಂದು ಅಂಟಿತ್ತು. ಆ ಮನೆಯ ಜಾತಕ ಅದು: ಕಟ್ಟಿದ ದಿನಾಂಕ, ಯಾವ ಗಾಳಿ ವಲಯಕ್ಕೆ, ಅಂದರೆ ಎಷ್ಟು ಬಿರುಗಾಳಿಯ ಪ್ರದೇಶಕ್ಕೆಂದು ಕಟ್ಟಿದ್ದು, ಎಲ್ಲವೂ ಅದರಲ್ಲಿತ್ತು. ಇಂತಹ ಮನೆಗಳಿಗೆ ಅಮೆರಿಕದ ರಾಷ್ಟ್ರೀಯ ನಿರ್ಮಾಣ ನಿಯಮ ಜಾರಿಗೆ ಬಂದದ್ದು 1976ರ ಜೂನ್ 15ರಂದು. ಅದಕ್ಕೂ ಹಿಂದಿನ ಮನೆಗಳನ್ನು ಎಷ್ಟೋ ಕೌಂಟಿಗಳು, ಅಂದರೆ ಅಲ್ಲಿನ ಜಿಲ್ಲೆಗಳು, ಒಳಗೆ ಬಿಟ್ಟುಕೊಳ್ಳುವುದಿಲ್ಲ. 1992ರ ಆಂಡ್ರ್ಯೂ ಚಂಡಮಾರುತ ಫ್ಲಾರಿಡಾದಲ್ಲಿ ಇಂತಹ ಮನೆಗಳನ್ನು ಪುಡಿಗಟ್ಟಿದ ಮೇಲೆ, 1994ರಲ್ಲಿ ಗಾಳಿಯ ನಿಯಮವೂ ಬಿಗಿಯಾಯಿತು. ಒಳನಾಡಿಗೆಂದು ಕಟ್ಟಿದ ಮನೆಯನ್ನು ಬಿರುಗಾಳಿಯ ಕರಾವಳಿಗೆ ಒಯ್ಯುವಂತಿಲ್ಲ.

ಇನ್ನು ರಸ್ತೆ. ಅಮೆರಿಕದ ಹೆದ್ದಾರಿಯಲ್ಲಿ ವಾಹನದ ಸಾಮಾನ್ಯ ಅಗಲದ ಮಿತಿ ಎಂಟೂವರೆ ಅಡಿ. ಈ ಮನೆಯ ಅಗಲ ಹದಿನಾಲ್ಕು ಅಡಿ. ವಿಶೇಷ ಪರವಾನಗಿ ಬೇಕು, ಜೊತೆಗೆ ಬೆಂಗಾವಲು ವಾಹನ ಬೇಕು. ಎರಡು ಭಾಗಗಳ ಮನೆಯಾದರೆ ನಡುವೆ ಬೇರ್ಪಡಿಸಿ ಎರಡು ಸಲ ಸಾಗಿಸಿ, ಚಾವಣಿ, ನೆಲ ಮತ್ತೆ ಕೂಡಿಸಬೇಕು. ನಾರ್ತ್ ಕೆರೊಲಿನಾದಲ್ಲಂತೂ ಬಾಕಿ ಆಸ್ತಿ ತೆರಿಗೆ ಕಟ್ಟದೆ ಮನೆ ಕದಲಿಸಲು ಕೌಂಟಿಯ ತೆರಿಗೆ ಕಚೇರಿ ಅನುಮತಿ ಕೊಡುವುದಿಲ್ಲ. ಮಾರುವವರ ಹಳೆಯ ಬಾಕಿ ಎಷ್ಟಿದೆ ಎಂದು ಮುಂಗಡ ಕೊಡುವ ಮೊದಲೇ ಕೇಳಬೇಕು.

ಇಷ್ಟಾದರೂ ಮನೆ ಇನ್ನೂ ದಾರಿಯಲ್ಲೇ ಇದೆ! ಹೊಸ ಜಾಗ ಸಮತಟ್ಟಾಗಬೇಕು, ಮನೆಯನ್ನು ಉಕ್ಕಿನ ಪಟ್ಟಿಗಳಿಂದ ನೆಲಕ್ಕೆ ಬಿಗಿಯಬೇಕು, ವಿದ್ಯುತ್ತು, ನೀರು, ಮೆಟ್ಟಿಲು ಬೇಕು. ಪ್ರಯಾಣದ ಕುಲುಕಾಟಕ್ಕೆ ಬಾಗಿಲು ಬಿಗಿಯುತ್ತದೆ, ಕೊಳವೆಯ ಕೀಲು ಸಡಿಲುತ್ತದೆ. ಜನವರಿಯ ಚಳಿಯಲ್ಲಿ ಅದನ್ನು ಅನುಭವಿಸುವುದು ಬಾಡಿಗೆಗೆ ಬಂದ ಸಂಸಾರ. ಆದ್ದರಿಂದ ರಿಪೇರಿಯ ಹಣವನ್ನು ಮೊದಲೇ ತೆಗೆದಿಡಬೇಕು. ಮೂಗಿಗಿಂತ ಮೂಗುತಿ ಭಾರ ಎಂಬ ಮಾತು ನನಗೆ ಅರ್ಥವಾದದ್ದು ಆಗಲೇ.

ಉದಾಹರಣೆಗೆ ಒಂದು ಲೆಕ್ಕ ಹಾಕೋಣ. ಎಲ್ಲ ಸೇರಿ 40,000 ಡಾಲರ್ ಖರ್ಚಾಯಿತು ಎಂದುಕೊಳ್ಳಿ. ತೆರಿಗೆ, ವಿಮೆ, ರಿಪೇರಿ ಕಳೆದು ತಿಂಗಳಿಗೆ 500 ಡಾಲರ್ ಉಳಿದರೆ, ಹಾಕಿದ ಹಣ ಮರಳಲು 80 ತಿಂಗಳು, ಅಂದರೆ ಆರು ವರ್ಷ ಎಂಟು ತಿಂಗಳು ಬೇಕು. ಮನೆ ಖಾಲಿ ಬಿದ್ದ ತಿಂಗಳುಗಳು ಇದರಲ್ಲಿ ಸೇರಿಲ್ಲ.

"ಭಾವ, ಮೊದಲು ಜಾಗಕ್ಕೆ ಅನುಮತಿ ಕೇಳಿ, ಮನೆಯ ಮಾತು ಆಮೇಲೆ" ಎಂದೆ. ಅವರು ಕೌಂಟಿಯ ಆರೋಗ್ಯ ಇಲಾಖೆಗೆ ಅರ್ಜಿ ಹಾಕಿದರು. ಅಲ್ಲಿ ಸೆಪ್ಟಿಕ್ ಟ್ಯಾಂಕಿನ ಅನುಮತಿ ಮಲಗುವ ಕೋಣೆಗಳ ಲೆಕ್ಕದಲ್ಲಿ ಸಿಗುತ್ತದೆ. ಬಂದ ಅಧಿಕಾರಿ ಬೈರಿಗೆಯಿಂದ ಕೆಂಪು ಜೇಡಿಮಣ್ಣು ಮೇಲೆತ್ತಿ, ಒದ್ದೆ ಮಾಡಿ ಬೆರಳ ನಡುವೆ ಒತ್ತಿದರು. ಅದು ತುಂಡಾಗದೆ ಪಟ್ಟಿಯಂತೆ ಉದ್ದಕ್ಕೆ ಬಂತು. ಟ್ಯಾಂಕಿನಿಂದ ಬರುವ ನೀರು ಸುಲಭವಾಗಿ ಇಂಗದ ಮಣ್ಣು. ಎರಡು ಕೋಣೆಗಳಿಗೆ ಮಾತ್ರ ಅನುಮತಿ ಎಂದರು. ನಾವು ನೋಡಿ ಬಂದ ಮನೆಯಲ್ಲಿ ಇದ್ದದ್ದು ಮೂರು. ಭಾವ ಅಂದು ಸಂಜೆಯೇ ಫೋನ್ ಮಾಡಿ ಬೇಡವೆಂದು ತಿಳಿಸಿದರು.

ನಮಸ್ಕಾರ.