ವಿನ್ನಿ ಆಡಿದ ಮಾತು

ಮಾನ್ಯ ಅಧ್ಯಕ್ಷರೇ, ಬಂಧುಗಳೇ,

ಬೆಳಗಿನ ಗೋಷ್ಠಿಯಲ್ಲಿ ಅಮೆರಿಕದ ಕೆಂಟಕಿಯ ಆರಂಭಕಾಲದ ಬ್ಯಾಪ್ಟಿಸ್ಟ್ ಸಭೆಗಳನ್ನು, ಅಂದರೆ ಆ ಕ್ರೈಸ್ತ ಪಂಥದ ಸ್ಥಳೀಯ ಭಕ್ತಮಂಡಳಿಗಳನ್ನು, ಸ್ವಾತಂತ್ರ್ಯದ ತೊಟ್ಟಿಲು ಎಂದು ಕರೆದರು. ಒಪ್ಪುತ್ತೇನೆ. ಆದರೆ ಆ ತೊಟ್ಟಿಲಲ್ಲಿ ಯಾರಿಗೆ ಜಾಗವಿತ್ತು ಎಂದು ಕೇಳದೆ ಈ ವೇದಿಕೆಯಿಂದ ಇಳಿಯಲಾರೆ.

ಬ್ಯಾಪ್ಟಿಸ್ಟ್ ಬೋಧಕ ಲೂಯಿಸ್ ಕ್ರೇಗ್ ಅವರ ಕತೆ ನಿಮಗೆ ಗೊತ್ತು. ಅಧಿಕೃತ ಚರ್ಚಿನ ಹಂಗಿಲ್ಲದೆ ಬೋಧಿಸಿದ ತಪ್ಪಿಗೆ 1768ರಲ್ಲಿ ವರ್ಜೀನಿಯಾದ ಫ್ರೆಡರಿಕ್ಸ್‌ಬರ್ಗ್‌ನಲ್ಲಿ ಅವರನ್ನು ಸೆರೆಗೆ ಹಾಕಿದರು. ಅವರು ಸೆರೆಮನೆಯ ಕಿಟಕಿಯಿಂದಲೇ ಬೋಧಿಸಿದರು! ಬಾಯಿ ಮುಚ್ಚಿಸಲು ಹೋದವರು ಅವರಿಗೊಂದು ಪೀಠವನ್ನೇ ಒದಗಿಸಿಕೊಟ್ಟಂತಾಯಿತು. 1781ರಲ್ಲಿ ಅವರ ಸಭೆಯ ಬಹುಪಾಲು ಜನ ಗಂಟುಮೂಟೆ ಕಟ್ಟಿ, ಬೆಟ್ಟಗಳನ್ನು ದಾಟಿ, ಕೆಂಟಕಿಯ ಈಗಿನ ಗ್ಯಾರಾರ್ಡ್ ಕೌಂಟಿಯ ಗಿಲ್ಬರ್ಟ್ಸ್ ಕ್ರೀಕಿನಲ್ಲಿ ನೆಲೆ ನಿಂತರು. ಈ ಪ್ರಯಾಣವನ್ನು ಎಲ್ಲರೂ ಹೊಗಳುತ್ತಾರೆ. ಆ ಗುಂಪಿನಲ್ಲಿ ಗುಲಾಮರೂ ನಡೆದರು ಎಂಬುದು ಹೊಗಳಿಕೆಯಲ್ಲಿ ಮರೆತುಹೋಗುತ್ತದೆ. ಪೀಟರ್ ಡುರೆಟ್ ಎಂಬ ಗುಲಾಮ ಮುಂದೆ ಲೆಕ್ಸಿಂಗ್ಟನ್‌ನಲ್ಲಿ ಕರಿಯರದೇ ಸಭೆಯನ್ನು ಕಟ್ಟಿದರು. ಅವರಿಗೆ ಯಾವ ಕಿಟಕಿ ತೆರೆದಿತ್ತು?

ಈಗ ಕೆಂಟಕಿಯದೇ ಫ್ರಾಂಕ್ಲಿನ್ ಕೌಂಟಿಗೆ ಬನ್ನಿ. ಫೋರ್ಕ್ಸ್ ಆಫ್ ಎಲ್ಕಾರ್ನ್ ಸಭೆ 1788ರಲ್ಲಿ ಹುಟ್ಟಿತು. ವಿಲಿಯಂ ಹಿಕ್‌ಮನ್ ಅದರ ಪಾಲಕರು. ಸದಸ್ಯರ ನಡತೆಯ ದೂರುಗಳನ್ನು ಸಭೆಯೇ ವಿಚಾರಿಸಿ ತೀರ್ಮಾನಿಸುತ್ತಿತ್ತು, ನಡಾವಳಿಯಲ್ಲಿ ಬರೆದಿಡುತ್ತಿತ್ತು. ಕುಡಿದವನ ಹೆಸರೂ ಜಗಳಾಡಿದವಳ ಹೆಸರೂ ಅಲ್ಲಿವೆ.

1807ರ ಜನವರಿಯ ಪುಟದಲ್ಲಿ ಸಭೆಯ ಸದಸ್ಯೆ, ‘ಸಹೋದರಿ’ ಎಸ್ತರ್ ಬೌಲ್ವೇರ್ ಅವರ ಗುಲಾಮಳಾದ ವಿನ್ನಿಯ ಮೇಲಿನ ದೂರಿದೆ. ಒಡೆಯರ ಸೇವೆ ತನ್ನ ಕರ್ತವ್ಯವೆಂದು ಒಮ್ಮೆ ನಂಬಿದ್ದಳಂತೆ. ದೇವರು ತನ್ನನ್ನು ಪರಿವರ್ತಿಸಿದ ಮೇಲೆ, ಗುಲಾಮರನ್ನು ಇಟ್ಟುಕೊಂಡವರು ಕ್ರೈಸ್ತರೆಂದು ತಾನು ನಂಬಿಯೇ ಇಲ್ಲ ಎಂದಳಂತೆ. ಕರಿಯರನ್ನು ನಡೆಸಿಕೊಂಡ ರೀತಿಗಾಗಿ ಸಾವಿರಾರು ಬಿಳಿಯರು ನರಕದಲ್ಲಿ ಹೊರಳುತ್ತಿದ್ದಾರೆ, ಇನ್ನಷ್ಟು ಜನ ಹೋದರೂ ತನಗೇನಿಲ್ಲ ಎಂದಳಂತೆ. ಸಭೆ ಆಕೆಯನ್ನು ಹೊರಹಾಕಿತು. ಬೋಧಿಸಿದ್ದಕ್ಕೆ ಸೆರೆ ಕಂಡವರ ಪೀಳಿಗೆಯೇ, ಮಾತಾಡಿದ್ದಕ್ಕೆ ಒಬ್ಬ ಹೆಂಗಸನ್ನು ಹೊರದೂಡಿತು. ಆದರೆ ದೂರನ್ನು ಬರೆಯಬೇಕಾದದ್ದರಿಂದ ಆಕೆಯ ಮಾತು ಉಳಿಯಿತು. ಅದಕ್ಕೇ ಹೇಳುತ್ತೇನೆ, ಉಪದೇಶಕರ ಜೀವನಚರಿತ್ರೆ ಪಕ್ಕಕ್ಕಿಡಿ, ನಡಾವಳಿ ಓದಿ.

"ಅದು ಆ ಕಾಲದ ರೀತಿ" ಎನ್ನುವವರು ಇಲ್ಲಿಯೂ ಇರಬಹುದು. ಅದೇ ಕಾಲದಲ್ಲಿ ವಿನ್ನಿ ಇದ್ದಳಲ್ಲ! 1805ರಲ್ಲಿ ಬ್ಯಾಪ್ಟಿಸ್ಟ್ ಸಭೆಗಳ ಎಲ್ಕಾರ್ನ್ ಒಕ್ಕೂಟ, ಗುಲಾಮರ ವಿಮೋಚನೆ ರಾಜಕೀಯ ವಿಷಯ, ಬೋಧಕರೂ ಸಭೆಗಳೂ ಅದಕ್ಕೆ ಕೈ ಹಾಕಬಾರದು ಎಂದು ನಿರ್ಣಯಿಸಿತು. ಯಾರೂ ಕೇಳದ ಪ್ರಶ್ನೆಯನ್ನು ಯಾರೂ ನಿಷೇಧಿಸುವುದಿಲ್ಲ.

ಅಧ್ಯಕ್ಷರ ಚೀಟಿ ಬಂದಿದೆ. 1801ರಲ್ಲಿ ನಡೆದ ಕೇನ್ ರಿಡ್ಜ್‌ನ ಧಾರ್ಮಿಕ ಶಿಬಿರ, ನದಿಯ ದೀಕ್ಷಾಸ್ನಾನಗಳು, ಎಲ್ಲವನ್ನೂ ಬಿಡುತ್ತೇನೆ. ಬ್ಯಾಪ್ಟಿಸ್ಟ್ ಬೋಧಕ ಡೇವಿಡ್ ಬ್ಯಾರೋ ಅವರನ್ನು ಮಾತ್ರ ಬಿಡಲಾರೆ. ವಿಮೋಚನೆಯ ಪರ ಬೋಧಿಸಿದ್ದಕ್ಕೆ ನಾರ್ತ್ ಡಿಸ್ಟ್ರಿಕ್ಟ್ ಎಂಬ ಇನ್ನೊಂದು ಬ್ಯಾಪ್ಟಿಸ್ಟ್ ಒಕ್ಕೂಟ 1806ರಲ್ಲಿ ಅವರನ್ನು ಹೊರಗಿಟ್ಟಿತು. ಮರುವರ್ಷವೇ ಅವರು ಸಮಾನಮನಸ್ಕರೊಡನೆ ಗುಲಾಮಗಿರಿ ವಿರೋಧಿ ಸಭೆಗಳ ಒಕ್ಕೂಟ ಕಟ್ಟಿದರು. ವಿನ್ನಿಯನ್ನು ಹೊರಹಾಕಿದ್ದೂ ಅದೇ ವರ್ಷ. ಇವೆರಡನ್ನೂ ಒಂದೇ ಪಾಠದಲ್ಲಿ ಕಲಿಸಿ ಎಂದು ಇಲ್ಲಿರುವ ಅಧ್ಯಾಪಕರನ್ನು ಕೇಳಿಕೊಳ್ಳುತ್ತೇನೆ. ನಮಸ್ಕಾರ.