ಧಾರವಾಡದ ಗುಮಾಸ್ತ, ಪಣಜಿ ಕಚೇರಿ, ತಿಮೋರ್ ದೇಶ

(ಗೋವಾದ ವಾಸ್ಕೋದಾಗ ನಮ್ಮ ಕನ್ನಡ ಮಂದಿ ತಿಂಗಳಿಗೊಮ್ಮೆ ಸೇರ್ತೀವಲ್ಲ, ಅಲ್ಲಿ ಆಡಿದ ಮಾತು. ಮಾತಾಡಿಧಂಗ ಬರದೀನಿ, ತಿದ್ದಲಿಕ್ಕೆ ಹೋಗಿಲ್ಲ.)

ಎಲ್ಲಾರಿಗೂ ನಮಸ್ಕಾರ್ರಿ. ಹಿಂದಿನವ್ರಿಗೆ ಕೇಳ್ಸ್ತದೇನು? ಫ್ಯಾನ್ ಸ್ವಲ್ಪ ಕಡಿಮಿ ಮಾಡ್ರಿ. ನನಗ ಕೊಟ್ಟ ವಿಷಯ "ಸಣ್ಣ ದೇಶಗಳ ಆಡಳಿತ" ಅಂತ, ಇದನ್ನ ಕೇಳಿದ ಕೂಡಲೆ ನಮ್ಮ ಮನಿಯಾಕಿ "ಸಂಡೇ ಊಟ ಆದಮ್ಯಾಲೆ ಇದನ್ನ ಕೇಳಿದ್ರ ಎಲ್ಲಾರೂ ಕುಂತಲ್ಲೇ ನಿದ್ದಿ ಹೊಡೀತಾರ" ಅಂದ್ಳು. ಅದಕ್ಕ ಮನಿ ಸುದ್ದಿಯಿಂದನ ಶುರು ಮಾಡ್ತೀನಿ.

ನಮ್ಮಪ್ಪ ಧಾರವಾಡದಾಗ ರೆವಿನ್ಯೂ ಗುಮಾಸ್ತ. 1963ರಾಗ ಡೆಪ್ಯುಟೇಶನ್ ಮ್ಯಾಲೆ ಘಟ್ಟಾ ಇಳದು ಗೋವಾಕ್ಕ ಬಂದ್ರು. ಆಗ ನಮ್ಮದಿನ್ನೂ ಮೈಸೂರು ರಾಜ್ಯ. 1961ರ ಡಿಸೆಂಬರ್ 19ಕ್ಕ ಪೋರ್ಚುಗೀಸರ ಆಳ್ವಿಕಿ ಮುಗದಿತ್ತು, ಮ್ಯಾಲಿನ ಸಾಹೇಬ್ರು ಲಿಸ್ಬನ್ನಿಗೆ ಹೋಗಿಬಿಟ್ಟಿದ್ರು, ಕಚೇರಿ ನಡಸ್ಲಿಕ್ಕೆ ಮಂದಿ ಬೇಕು ಅಂತ ಮಹಾರಾಷ್ಟ್ರದಿಂದ, ಮೈಸೂರಿನಿಂದ, ಬ್ಯಾರೆ ಕಡೆಯಿಂದೂ ನೌಕರರನ್ನ ಕಳ್ಸಿದ್ರು. ಅಪ್ಪಾ ಹೇಳ್ತಿದ್ರು, ಮೊದಲನೇ ದಿನ ಹೋದ್ರ ಟೇಬಲ್ ಅದ, ಕುರ್ಚಿ ಅದ, ಕಪಾಟು ತುಂಬ ದಫ್ತರ ಅದ, ಒಂದಕ್ಷರ ತಿಳೀವಲ್ದು, ಎಲ್ಲಾ ಪೋರ್ಚುಗೀಸ್. ಮಗ್ಗಲಾಗ ಒಬ್ರು ವಯಸ್ಸಾದ ಗೋವಾದ ಕ್ಲಾರ್ಕು, ಅವ್ರಿಗೆ ಕೊಂಕಣಿ, ಪೋರ್ಚುಗೀಸ್ ಬರ್ತದ, ಇಂಗ್ಲಿಷ್ ಅಷ್ಟಕ್ಕಷ್ಟ. ಇಬ್ರೂ ಹರಕು ಮುರಕು ಮರಾಠಿಯಾಗ ಮಾತಾಡ್ಕೋತ ಕೆಲಸಾ ಮಾಡಿದ್ರು. ಅಪ್ಪಾ ಒಂದು ಉದ್ದನ್ನ ಲೆಡ್ಜರ್ ಬುಕ್ಕಿನಾಗ ಅವರನ್ನ ಕೇಳಿ ಕೇಳಿ ಶಬ್ದ ಬರಕೊಂಡ್ರು. ಸರ್ತಿದಾಂವ್ ಅಂದ್ರ ಸರ್ಕಾರಿ ನಕಲು, ಮಾತ್ರಿಜ್ ಅಂದ್ರ ತೆರಿಗಿ ರಜಿಸ್ಟರು, ಫೋರು ಅಂದ್ರ ಕಮ್ಯುನಿದಾದ, ಅಂದ್ರ ಹಳ್ಳಿಯವ್ರ ಜಂಟಿ ಸಂಘದ, ಜಮೀನಿಗೆ ವರ್ಷಕ್ಕೊಮ್ಮೆ ಕಟ್ಟೋದು. ಎಡಕ್ಕ ಪೋರ್ಚುಗೀಸ್ ಶಬ್ದ ಕನ್ನಡ ಲಿಪಿಯಾಗ, ಬಲಕ್ಕ ಅರ್ಥ.

ನಾ ಮುಂದ ಮೂವತ್ತೈದು ವರ್ಷ ಲೆಕ್ಕಪತ್ರದ ಕೆಲಸಾ ಮಾಡಿ ರಿಟೈರ್ ಆದೆ, ಆ ಕಾಲದಾಗ "ಕೆಪ್ಯಾಸಿಟಿ ಬಿಲ್ಡಿಂಗ್" ಅನ್ನೋ ಶಬ್ದ ಎಷ್ಟು ಸೆಮಿನಾರಿನಾಗ ಕೇಳೀನಿ ಲೆಕ್ಕಿಲ್ಲ, ಫೋಲ್ಡರ್ ಕೊಡ್ತಾರ, ಪೆನ್ನು ಕೊಡ್ತಾರ, ಮಧ್ಯಾಹ್ನ ಪನೀರ್ ಊಟ. ನನಗ ಅದರ ಅರ್ಥ ತಿಳದದ್ದು ಆ ಲೆಡ್ಜರ್ ಬುಕ್ಕಿನಿಂದ. ಕಚೇರಿಯೊಳಗ ಯಾವ ಕಾಗದ ಎಲ್ಲಿ ಅದ, ಅದು ಯಾಕ ಅದ, ಅದನ್ನ ಓದೋದು ಹೆಂಗ ಅಂತ ಒಬ್ಬರಿಂದ ಇನ್ನೊಬ್ಬರಿಗೆ ದಾಟಬೇಕು. ಅದು ದಾಟ್ಲಿಲ್ಲಂದ್ರ ಎಷ್ಟು ರೊಕ್ಕ ಸುರುವಿದ್ರೂ ಕಚೇರಿ ನಡ್ಯಂಗಿಲ್ಲ.

ಈಗ ಇನ್ನೊಂದು ಕಡೆ ಕರ್ಕೊಂಡು ಹೋಗ್ತೀನಿ. ತಿಮೋರ್-ಲೆಸ್ಟ್, ಹಳೇ ಪೇಪರಿನಾಗ ಪೂರ್ವ ತಿಮೋರ್ ಅಂತ ಬರ್ತಿತ್ತು. ಇಂಡೋನೇಷ್ಯಾ ಮತ್ತ ಆಸ್ಟ್ರೇಲಿಯಾ ನಡುವಿನ ಒಂದು ದ್ವೀಪದ ಅರ್ಧ ಭಾಗ. ಮಂದಿ ಸುಮಾರು 13 ಲಕ್ಷ, ಅಂದ್ರ 2011ರ ಸೆನ್ಸಸ್ಸಿನ ಗೋವಾಕ್ಕಿಂತ ಸ್ವಲ್ಪ ಕಡಿಮಿನ. ನೆಲ ಗೋವಾದ ನಾಲ್ಕು ಪಟ್ಟು. ಈ ದೇಶಾನ ಯಾಕ ಆರಿಸ್ಕೊಂಡೆ ಅಂದ್ರ, ಅದೂ ಪೋರ್ಚುಗೀಸರದ, ಮತ್ತ 1844ರ ತನಕ ಮಕಾವು, ತಿಮೋರ್ ಎರಡೂ ಗೋವಾದ ಆಡಳಿತದ ಕೆಳಗ ಇದ್ವು. ನಮ್ಮ ಮಾಂಡೋವಿ ಹೊಳಿ ದಂಡಿಮ್ಯಾಲೆ ಕುಂತು ಅಲ್ಲಿಗೆ ಹುಕುಂ ಕಳಸ್ತಿದ್ರು ಅಂದ್ರ ನೋಡ್ರಿ. ಒಂದ ಮನಿ ಇಬ್ರು ಮಕ್ಕಳಿದ್ದಂಗ, ದಾರಿ ಮಾತ್ರ ಪೂರಾ ಬ್ಯಾರೆ ಆತು.

1975ರಾಗ ಪೋರ್ಚುಗೀಸರು ಅಲ್ಲಿಂದೂ ಕಾಲು ಕಿತ್ರು. ನವೆಂಬರ್ 28ಕ್ಕ ಅವರು ಸ್ವಾತಂತ್ರ್ಯ ಅಂತ ಸಾರಿದ್ರು, ಡಿಸೆಂಬರ್ 7ಕ್ಕ ಇಂಡೋನೇಷ್ಯಾ ಸೈನ್ಯ ಬಂತು. ಒಂಬತ್ತ ದಿನ! ಆಮ್ಯಾಲೆ 24 ವರ್ಷ, ಯುದ್ಧ, ಹಸಿವು, ಒಂದು ಲಕ್ಷಕ್ಕಿಂತ ಹೆಚ್ಚು ಸಾವು. ಅದರ ಬಗ್ಗೆ ಮಾತಾಡ್ಲಿಕ್ಕೆ ಬ್ಯಾರೆ ದಿನ ಬೇಕು. 1999ರ ಆಗಸ್ಟ್ 30ಕ್ಕ ಜನಮತ ಆತು, ನೂರಕ್ಕ 78.5 ಮಂದಿ ನಮಗ ಸ್ವಾತಂತ್ರ್ಯ ಬೇಕು ಅಂದ್ರು. ಆ ಸಿಟ್ಟಿಗೆ ಇಂಡೋನೇಷ್ಯಾ ಪರ ಇದ್ದ ಗುಂಪುಗಳು ಹೋಗೂಮುಂದ ಊರಿಗೆ ಊರ ಸುಟ್ರು. ಸಾಲಿ, ದವಾಖಾನಿ, ಕರೆಂಟ್ ಕಂಬ, ಸರ್ಕಾರಿ ಕಚೇರಿ, ಜೊತೀಗೆ ಜಮೀನಿನ ದಾಖಲೆನೂ.

ಇಲ್ಲಿ ಒಂಚೂರು ನಿಂದರ್ರಿ. ಬಿಲ್ಡಿಂಗ್ ಸುಟ್ಟದ್ದು ಎಲ್ಲಾರೂ ಫೋಟೋದಾಗ ನೋಡಿದ್ರು. ಕಾಣಲಾರದ್ದು ಇನ್ನೊಂದಿತ್ತು. ಇಂಡೋನೇಷ್ಯಾ ಕಾಲದಾಗ ಅಲ್ಲಿ 30,000ದ ಹತ್ರ ಸರ್ಕಾರಿ ನೌಕರರು ಇದ್ರು, ಆದ್ರ ಮ್ಯಾಲಿನ ಖುರ್ಚಿ, ಇಂಜಿನಿಯರು, ಡಾಕ್ಟರು, ಹೈಸ್ಕೂಲ್ ಮಾಸ್ತರು, ಇವ್ರೊಳಗ ಭಾಳ ಮಂದಿ ಹೊರಗಿನವ್ರು. ಒಂದ ತಿಂಗಳಿನಾಗ ಅವ್ರೆಲ್ಲಾ ಹೋಗಿಬಿಟ್ರು. ಉಳದವ್ರು ಕೆಳಗಿನ ಸ್ಟಾಫು, ಸಹಿ ಮಾಡಿ ಗೊತ್ತಿಲ್ಲ, ಟಿಪ್ಪಣಿ ಬರದು ಗೊತ್ತಿಲ್ಲ. ಗೋವಾದಾಗೂ ಮ್ಯಾಲಿನವ್ರು ಹೋದ್ರು ಖರೆ, ಆದ್ರ ಕಪಾಟು ಉಳೀತು, ಕಪಾಟಿನ ಮಗ್ಗಲಾಗ ಆ ವಯಸ್ಸಾದ ಕ್ಲಾರ್ಕೂ ಉಳದ್ರು, ಘಟ್ಟದ ಮ್ಯಾಲಿಂದ ಅಪ್ಪನಂಥವ್ರು ಇಳದು ಬಂದ್ರು. ತಿಮೋರಿಗೆ ಕಪಾಟೂ ಇಲ್ಲ, ಕ್ಲಾರ್ಕೂ ಇಲ್ಲ, ಘಟ್ಟಾನೂ ಇಲ್ಲ.

ಅವರಿಗೆ ಬಂದದ್ದು ವಿಶ್ವಸಂಸ್ಥೆ. 1999ರ ಅಕ್ಟೋಬರಿನಾಗ ಅನ್‌ಟಾಯೆಟ್ ಅಂತ ಒಂದು ಆಡಳಿತ ಮಾಡಿ, ಬ್ರೆಝಿಲ್‌ನ ಸೆರ್ಜಿಯೋ ವಿಯೇರಾ ದೆ ಮೆಲೋ ಅನ್ನೋವ್ರ ಕೈಯಾಗ ಕೊಟ್ರು. ಕಾನೂನು ಮಾಡೋದೂ ಅವ್ರ, ಜಾರಿ ಮಾಡೋದೂ ಅವ್ರ, ನ್ಯಾಯಾಧೀಶರನ್ನ ನೇಮಿಸೋದೂ ಅವ್ರ. ಭಾಳ ಒಳ್ಳೆ ಮನುಷ್ಯ ಅಂತಾರ, 2003ರಾಗ ಬಾಗ್ದಾದಿನಾಗ ಬಾಂಬ್ ದಾಳಿಗೆ ತೀರ್ಕೊಂಡ್ರು ಪಾಪ. ಆದ್ರ ಎರಡೂವರಿ ವರ್ಷದಾಗ ಒಂದು ಸರ್ಕಾರ ಹುಟ್ಟಸ್ಬೇಕು ಅಂದ್ರ ಯಾವ ದೇವರಿಂದ ಆಗ್ತದ್ರಿ? ಮತ್ತ ಇನ್ನೊಂದು ಮಜಾ ನೋಡ್ರಿ, ಸ್ವಲ್ಪ ಇಂಗ್ಲಿಷ್ ಬಲ್ಲ ಹುಡುಗ್ರು ಹುಡುಗಿಯರು ಎಲ್ಲಿ ಹೋಗ್ತಾರ, ವಿಶ್ವಸಂಸ್ಥೆ ಆಫೀಸಿಗೆ ದುಭಾಷಿ ಆಗಿ, ಡ್ರೈವರ್ ಆಗಿ ಹೋಗ್ತಾರ, ಯಾಕಂದ್ರ ಪಗಾರ ಹೆಚ್ಚು. ಸರ್ಕಾರ ಕಟ್ಲಿಕ್ಕೆ ಬಂದವ್ರ ಸರ್ಕಾರಕ್ಕ ಬೇಕಾದ ಮಂದೀನ ಎಳಕೊಂಡ್ರು. ಇದು ತಿಮೋರಿನ ಕಥಿ ಅಷ್ಟ ಅಲ್ಲ, ನೆರವಿನ ರೊಕ್ಕ ಹೋದಲ್ಲೆಲ್ಲಾ ಇದ ಕಥಿ.

2002ರ ಮೇ 20ಕ್ಕ ಸ್ವತಂತ್ರ ದೇಶ ಆತು. ಭಾಷಾ ಪ್ರಶ್ನೆ ಬಂತು. ಅಧಿಕೃತ ಭಾಷಾ ಎರಡು, ತೆತುಮ್ ಮತ್ತ ಪೋರ್ಚುಗೀಸ್. ಮ್ಯಾಲೆ ಇಂಡೋನೇಷ್ಯನ್, ಇಂಗ್ಲಿಷ್ ಕೆಲಸದ ಭಾಷಾ. ಹೋರಾಟ ಮಾಡಿದ ಹಿರಿಯರಿಗೆ ಪೋರ್ಚುಗೀಸ್ ಮ್ಯಾಲೆ ಪ್ರೀತಿ, ತರುಣರು ಓದಿದ್ದು ಪೂರಾ ಇಂಡೋನೇಷ್ಯನ್ನಿನಾಗ, ಮನಿಯಾಗ ತೆತುಮ್ಮೋ ಇನ್ನೊಂದೋ. ಕಾನೂನು ಬರಿಯೋದು ಪೋರ್ಚುಗೀಸಿನಾಗ. ಅದನ್ನ ಜಾರಿ ಮಾಡೋ ಗುಮಾಸ್ತಗ ಓದ್ಲಿಕ್ಕೆ ಬರಂಗಿಲ್ಲ. ಇದನ್ನ ಓದಿದಾಗ ನನಗ ಅಪ್ಪನ ನೆನಪಾಗಿ ನಗು ಬಂತು, ಆಮ್ಯಾಲೆ ಬ್ಯಾಸರಾತು. 2005ರ ಶುರುದಾಗ ತಿಮೋರಿನ ತಮ್ಮದೇ ನ್ಯಾಯಾಧೀಶರಿಗೆ ಪರೀಕ್ಷಾ ಇಟ್ರು, ಅಷ್ಟೂ ಮಂದಿ ಫೇಲ್. ಒಬ್ರೂ ಪಾಸಾಗ್ಲಿಲ್ಲ. ಅವರೆಲ್ಲಾ ದಡ್ಡರಂತಲ್ಲ, ಇಂಡೋನೇಷ್ಯಾದ ಕಾನೂನು ಕಲ್ತವ್ರಿಗೆ ಹೊಸ ಭಾಷಾದಾಗ ಹೊಸ ಕಾನೂನು. ಅವರನ್ನ ಮತ್ತ ಟ್ರೇನಿಂಗಿಗೆ ಕಳ್ಸಿ ಕೋರ್ಟಿಗೆ ಹೊರದೇಶದ ಜಡ್ಜ್ ತಂದ್ರು. ಅದೂ ಎಷ್ಟು ದಿನ? 2014ರ ಅಕ್ಟೋಬರಿನಾಗ ಪಾರ್ಲಿಮೆಂಟ್ ಠರಾವು ಮಾಡಿತು, ಕೆಲವೇ ದಿನದಾಗ ಹೊರದೇಶದ ಜಡ್ಜು, ಪ್ರಾಸಿಕ್ಯೂಟರಿಗೆ 48 ತಾಸಿನೊಳಗ ದೇಶ ಬಿಡ್ರಿ ಅಂತ ಹುಕುಂ. ನಡದಿದ್ದ ಕೇಸು ಅಲ್ಲಿಗಲ್ಲೇ ನಿಂತ್ವು. ಸಿಟ್ಟಿಗೆ ಕಾರಣ ಏನರ ಇರ್ಲಿ, ಬಾಡಿಗಿ ಮಂದಿ ಮ್ಯಾಲೆ ಕಟ್ಟಿದ ಕೋರ್ಟು ಒಂದು ರಾತ್ರಿಯಾಗ ಖಾಲಿ ಆಗಬಲ್ಲದು ಅಂತ ಅದು ತೋರಿಸ್ತು.

2006ರದು ಇದಕ್ಕಿಂತ ಖರಾಬ್. ಸೈನ್ಯದಾಗ ಸುಮಾರು 600 ಮಂದಿ ಬಡ್ತಿಯಾಗ ತಾರತಮ್ಯ ಆಗ್ಯಾದ ಅಂತ ಅರ್ಜಿ ಕೊಟ್ಟು ಬ್ಯಾರಕ್ ಬಿಟ್ಟು ಹೊರಗ ಬಂದ್ರು. ಬಡ್ತಿ ಅರ್ಜಿ! ನಮ್ಮಲ್ಲಿ ಅಂಥಾವು ಕಪಾಟು ತುಂಬ ಬಿದ್ದಿರ್ತಾವ, ಟ್ರಿಬ್ಯುನಲ್ ಅದ, ಕೋರ್ಟ್ ಅದ, ಹತ್ತು ವರ್ಷ ಎಳೀತದ, ಮನುಷ್ಯಾ ರಿಟೈರ್ ಆಗ್ತಾನ. ಅಲ್ಲಿ ಅರ್ಜಿ ವಿಚಾರಣಾ ಮಾಡೋ ಪದ್ಧತಿನ ಗಟ್ಟಿ ಇರ್ಲಿಲ್ಲ, ಎಲ್ಲಾರನ್ನೂ ಡಿಸ್ಮಿಸ್ ಮಾಡಿದ್ರು, ಅದು ಸಣ್ಣ ಸೈನ್ಯದ ಮೂರನೇ ಒಂದು ಪಾಲಿಗಿಂತ ಹೆಚ್ಚು. ಮುಂದ ಪೊಲೀಸರು ಸೈನಿಕರು ಒಬ್ಬರಿಗೊಬ್ರು ಗುಂಡು ಹಾರಿಸೋ ಮಟ್ಟಕ್ಕ ಹೋತು, ಒಂದೂವರಿ ಲಕ್ಷ ಮಂದಿ ಮನಿ ಬಿಟ್ಟು ಟೆಂಟಿನಾಗ ಬಂದು ಕುಂತ್ರು. ನಾ ನಮ್ಮ ಆಫೀಸಿನ ನಿಧಾನಕ್ಕ ಭಾಳ ಬೈದೀನಿ, ಆದ್ರ ಆ ನಿಧಾನದಾಗೂ ಒಂದು ಕೆಲಸ ಆಗ್ತಿತ್ತು ಅಂತ ಇದನ್ನ ಓದಿದಮ್ಯಾಲೆ ಅನಿಸ್ತು.

ಇನ್ನ ರೊಕ್ಕದ ಮಾತು. ರೊಕ್ಕ ಇತ್ರಿ! ಸಮುದ್ರದಾಗ ಬಾಯು-ಉಂದಾನ್ ಅಂತ ಗ್ಯಾಸ್ ಬಾವಿ, 2005ರಾಗ ನಾರ್ವೆ ಮಾದರಿ ನೋಡಿ ಪೆಟ್ರೋಲಿಯಂ ನಿಧಿ ಮಾಡಿದ್ರು. ನಿಯಮ ಚಲೋ ಇತ್ತು, ಒಟ್ಟು ಪೆಟ್ರೋಲಿಯಂ ಸಂಪತ್ತಿನ ನೂರಕ್ಕ 3ರಷ್ಟ ವರ್ಷಕ್ಕ ತಗೀಬೇಕು, ಹೆಚ್ಚು ತಗದ್ರ ಪಾರ್ಲಿಮೆಂಟಿಗೆ ಕಾರಣ ಹೇಳಬೇಕು. ಅವರು ವರ್ಷಾ ವರ್ಷಾ ಕಾರಣ ಹೇಳಿ ಹೆಚ್ಚು ತಗದ್ರು. ಆದ್ರೂ ನಿಧಿಯಾಗ ಸುಮಾರು 1,800 ಕೋಟಿ ಡಾಲರ್ ಉಳದದ, ಲೆಕ್ಕ ಬಹಿರಂಗ ಅದ, ಇದಕ್ಕ ಶಾಭಾಸ್ ಅನ್ನಬೇಕು. ನಾವ್ರು ಅಂತ ಇನ್ನೊಂದು ದ್ವೀಪ ದೇಶ ಅದ, ನಮ್ಮ ಒಂದು ದೊಡ್ಡ ಹಳ್ಳಿಯಷ್ಟು ಮಂದಿ, ಫಾಸ್ಫೇಟ್ ಅಗದು 1970ರ ದಶಕದಾಗ ತಲಾ ಆದಾಯದಾಗ ಜಗತ್ತಿನ ಮ್ಯಾಲಿನ ಸಾಲಿನಾಗ ಇತ್ತು, ಮೆಲ್ಬೋರ್ನಿನಾಗ ದೊಡ್ಡ ಟವರ್ ಕಟ್ಟಿಸ್ತು, ಲಂಡನ್ನಿನಾಗ ಒಂದು ಸಂಗೀತ ನಾಟಕಕ್ಕೂ ದುಡ್ಡು ಹಾಕಿ ಮುಳುಗ್ತು, ಕಡೀಗೆ 2004ರಾಗ ಆ ಟವರೂ ಮಾರಾಟ. ಅದರ ಮುಂದ ತಿಮೋರ್ ಭಾಳ ಶಾಣ್ಯಾ.

ತಿಮೋರಿನ ತೊಂದ್ರಿ ಬ್ಯಾರೆ. ಸ್ವಾತಂತ್ರ್ಯ ಬಂದಾಗ ಪುಟ್ಟ ಬಜೆಟ್ಟು, ಹತ್ತು ವರ್ಷದೊಳಗ ಅದು ನೂರು ಕೋಟಿ ಡಾಲರ್ ದಾಟಿತು. ಟೆಂಡರ್ ಕರಿಯೋವ್ರು, ಎಸ್ಟಿಮೇಟ್ ನೋಡೋವ್ರು, ಸೈಟಿಗೆ ಹೋಗಿ ಆದ ಕೆಲಸದ ಅಳತಿ ಹಿಡದು ಎಂಬಿ ಬುಕ್ ಬರಿಯೋವ್ರು ಹತ್ತು ಪಟ್ಟು ಆಗ್ತಾರೇನ್ರಿ? ಮೊದಮೊದಲು ಬಜೆಟ್ಟಿನ ರೊಕ್ಕ ಖರ್ಚ ಆಗ್ತಿರ್ಲಿಲ್ಲ, ಆಮ್ಯಾಲೆ ಖರ್ಚಾತು ಆದ್ರ ರಸ್ತೆ ಎರಡು ಮಳಿ ತಾಳ್ಲಿಲ್ಲ. ಇಲ್ಲಿ ಕುಂತವ್ರೊಳಗ ಕಾಂಟ್ರಾಕ್ಟರ್ ಭಾಳ ಮಂದಿ ಇದೀರಿ, ಎಂಬಿ ಬುಕ್ ಅಂದ್ರ ಏನು ಅಂತ ನಾ ಹೇಳಬೇಕಾಗಿಲ್ಲ, ನಗಬ್ಯಾಡ್ರಿ. ಈಗ 2025ರಾಗ ಆ ಬಾವಿನೂ ಬತ್ತಿತು. ಅದೇ ವರ್ಷ ಅಕ್ಟೋಬರಿನಾಗ ಆಗ್ನೇಯ ಏಷ್ಯಾ ದೇಶಗಳ ಆಸಿಯಾನ್ ಕೂಟಕ್ಕ ಹನ್ನೊಂದನೇ ದೇಶ ಆಗಿ ಸೇರ್ಕೊಂಡ್ರು. ಆ ಕೂಟದ್ದು ವರ್ಷಕ್ಕ ನೂರಾರು ಮೀಟಿಂಗು, ದೊಡ್ಡ ದೇಶಕ್ಕ ಒಂದೊಂದಕ್ಕ ಒಂದೊಂದು ಡಿಪಾರ್ಟ್‌ಮೆಂಟ್ ಅದ, ಸಣ್ಣ ದೇಶದಾಗ ಮೀನುಗಾರಿಕಿ ಮೀಟಿಂಗಿಗೆ ಹೋದಾಂವನ ಮರುದಿನ ಕಸ್ಟಮ್ಸ್ ಮೀಟಿಂಗಿಗೂ ಹೋಗಬೇಕಾಗ್ತದ, ಆಂವಗ ಜ್ವರ ಬಂದ್ರ ಎರಡೂ ಖಾಲಿ.

ಹಂಗಾರ ಯಾವುದೂ ಸರಿ ಆಗ್ಲೇ ಇಲ್ಲೇನು ಅಂದ್ರ, ಆಗ್ಯಾದ. ನನಗ ಎಲ್ಲಾಕ್ಕಿಂತ ಹಿಡಿಸಿದ್ದು ಡಾಕ್ಟರ ಕಥಿ. ಕ್ಯೂಬಾ ದೇಶ ಡಾಕ್ಟರನ್ನ ಕಳಿಸ್ತು, ಅವರು ಹಳ್ಳಿಗೆ ಹೋಗಿ ಕುಂತ್ರು, ಜೊತೀಗೆ ತಿಮೋರಿನ ನೂರಾರು ಹುಡುಗ ಹುಡುಗಿಯರನ್ನ ಕ್ಯೂಬಾಕ್ಕ ಕರ್ಕೊಂಡು ಹೋಗಿ ಪೂರಾ ಡಾಕ್ಟರಿಕಿ ಕಲಿಸ್ತು, ಆರೇಳು ವರ್ಷ. ಆಮ್ಯಾಲೆ ಅವರು ತಿರುಗಿ ಬಂದು ಹಳ್ಳಿ ದವಾಖಾನಿಯಾಗ ಕುಂತ್ರು. ಆರು ತಿಂಗಳ ಕನ್ಸಲ್ಟಂಟ್ ಬಂದು ರಿಪೋರ್ಟ್ ಕೊಟ್ಟು ಹೋಗೋದಕ್ಕೂ ಇದಕ್ಕೂ ಎಷ್ಟು ಫರಕ್ ಅದ ನೀವ ಹೇಳ್ರಿ. ಅವರ ಕಲಿಕಿ ಹಂಗಿತ್ತು ಹಿಂಗಿತ್ತು ಅಂತ ಟೀಕಾ ಮಾಡೋವ್ರೂ ಇದ್ದಾರ, ಇರ್ಲಿ. ಡಾಕ್ಟರ್ ಹಳ್ಳಿಯಾಗ ಇದ್ದಾರಲ್ಲ.

ಇನ್ನೊಂದು ದಾರಿ, ಹಂಚಿಕೊಳ್ಳೋದು. ಕೆರಿಬಿಯನ್ ಕಡೆ ಪುಟ್ಟ ಪುಟ್ಟ ದ್ವೀಪಗಳು, ಎಂಟು ಸೇರಿ 1983ರಿಂದ ಒಂದ ಸೆಂಟ್ರಲ್ ಬ್ಯಾಂಕು, ಒಂದ ಕರೆನ್ಸಿ ಇಟ್ಕೊಂಡಾವ. ಅದಕ್ಕೂ ಮೊದಲ, 1967ರಿಂದ, ಸುಪ್ರೀಂ ಕೋರ್ಟೂ ಜಂಟಿ. ಪೆಸಿಫಿಕ್ ದ್ವೀಪದವ್ರು ಸೇರಿ 1968ರಾಗ ಫಿಜಿಯ ಸುವಾದಾಗ ಒಂದ ಯೂನಿವರ್ಸಿಟಿ ಮಾಡಿದ್ರು. ನಮ್ಮ ಗೋವಾನ ನೋಡ್ರಿ, 1987ರಾಗ ರಾಜ್ಯ ಆತು, ಇವತ್ತಿಗೂ ಹೈಕೋರ್ಟ್ ಅಂದ್ರ ಬಾಂಬೆ ಹೈಕೋರ್ಟಿನ ಪೀಠ, ಐಎಎಸ್ ಆಫೀಸರು ಬರೋದು ಅರುಣಾಚಲ, ಮಿಜೋರಾಂ, ಕೇಂದ್ರಾಡಳಿತ ಪ್ರದೇಶ ಎಲ್ಲಾ ಕೂಡಿದ ಜಂಟಿ ಕೇಡರಿನಿಂದ. ಯಾರೂ ಇದನ್ನ ಅವಮಾನ ಅಂತ ತಿಳಕೊಂಡಿಲ್ಲ.

ಅವಮಾನ ಅಂದದ್ದಕ್ಕ ಒಂದು ಮಾತು ಹೇಳಲೇಬೇಕು. ಹೊರಗಿಂದ ಬಂದವ್ರ ಬಗ್ಗೆ ಇಲ್ಲಿಯವ್ರಿಗೆ ಆಗ ಸಿಟ್ಟಿತ್ತು. "ಡೆಪ್ಯುಟೇಶನಿಸ್ಟ್" ಅಂದ್ರ ಬೈಗಳ ಇದ್ದಂಗ. ನಮ್ಮ ಹುಡುಗ್ರಿಗೆ ಸಿಗೋ ನೌಕರಿ ಇವರು ತಿಂತಾರ, ಇವರು ನಮ್ಮನ್ನ ಮಹಾರಾಷ್ಟ್ರಕ್ಕ ಸೇರಿಸ್ಲಿಕ್ಕೆ ಬಂದಾರ ಅಂತ. ಗೋವಾ ಮಹಾರಾಷ್ಟ್ರಕ್ಕ ಸೇರಬೇಕೋ ಬ್ಯಾಡೋ ಅಂತ ಮಂದಿ ಮತಾ ಹಾಕಿದ 1967ರ ಜನವರಿ 16ರ ಒಪಿನಿಯನ್ ಪೋಲ್ ಹತ್ರ ಬಂದಾಗಂತೂ ಅಪ್ಪಗ ಮೀನ್ ಮಾರ್ಕೆಟ್ಟಿನಾಗ ಸರಳ ಮಾತಾಡಸ್ತಿರ್ಲಿಲ್ಲಂತ, ಅವರು ಮೀನಾ ತಿನ್ನೋವ್ರಲ್ಲ, ತೊಪ್ಪಲ ಪಲ್ಯೆ ತರ್ಲಿಕ್ಕೆ ಹೋದವ್ರು ಪಾಪ. ಆದ್ರ ಆ ಸಿಟ್ಟು ಪೂರ್ತಿ ತಪ್ಪಲ್ಲ. ಹೊರಗಿನವ್ರು ಹತ್ತು ವರ್ಷ ಕುಂತು, ಒಳಗಿನವ್ರಿಗೆ ಏನೂ ಕಲಿಸಲಾರದ ಎದ್ದು ಹೋದ್ರ ತಿಮೋರಿನ ಕೋರ್ಟ್ ಆದಂಗ ಆಗ್ತದ. ನಮ್ಮಲ್ಲಿ ಕಲಿಸೋದು ಎರಡೂ ಕಡೆಯಿಂದ ನಡೀತು, ಅಪ್ಪಾ ಆ ಕ್ಲಾರ್ಕಿಗೆ ಇಂಗ್ಲಿಷ್ ನೋಟಿಂಗ್ ಹೇಳಿಕೊಟ್ರು, ಅವರು ಅಪ್ಪಗ ಮಾತ್ರಿಜ್ ಓದೋದು ಹೇಳಿಕೊಟ್ರು, ದಿನಾ ನಾಲ್ಕಕ್ಕ ಚಹಾದ ಹೊತ್ತಿಗೆ.

ಆ ಲೆಡ್ಜರ್ ಬುಕ್ ಎಲ್ಲದ ಅಂತ ಭಾಳ ಮಂದಿ ಕೇಳ್ತಾರ. ನನ್ನ ಹತ್ರ ಇಲ್ರಿ. ಡೆಪ್ಯುಟೇಶನ್ ಮುಗೀತು ಅಂತ ಆರ್ಡರ್ ಬಂದ ದಿನ ಅಪ್ಪಾ ಅದನ್ನ ತಮ್ಮ ಖುರ್ಚಿಗೆ ಬಂದ ಮಡಗಾಂವ್ ಕಡಿ ಹುಡುಗಗ ಚಾರ್ಜ್ ಕೊಡೂಮುಂದ ಕೊಟ್ರು. ಆ ಹುಡುಗಗ ಕನ್ನಡ ಬರ್ತಿರ್ಲಿಲ್ಲ, ಅದಕ್ಕ ಕಡೇ ಎರಡು ರವಿವಾರ ಇಬ್ರೂ ಕುಂತು, ಅಪ್ಪಾ ಓದಿ ಹೇಳ್ತಾ, ಆಂವ ಮಗ್ಗಲಕ್ಕ ರೋಮಿ ಅಕ್ಷರದಾಗ ಕೊಂಕಣಿ ಬರಕೋತಾ. ಚಾರ್ಜ್ ಲಿಸ್ಟಿನಾಗ ಅದನ್ನ ಬರದಿದ್ರಂತ, ಕಪಾಟು ಎರಡು, ಸ್ಟೂಲು ಒಂದು, ಶಬ್ದದ ಬುಕ್ಕು ಒಂದು.